ನಿಂತುದರ ಬಿಗಿ

ಬಹುಕಾಲದಿಂದ ನಡೆದುಬಂದುದು ಸರಿಯಾದುದೇ ಆಗಿರಬೇಕೆ? ಹಳೆಯ ಪದ್ಧತಿಯೊಂದನ್ನು ಅಲುಗಿಸಹೋದವರಿಗೆಲ್ಲ ಎದುರಾಗುವ ಪ್ರಶ್ನೆಯಿದು. ಇಷ್ಟು ಬಿಗಿಯಾಗಿ ನಿಂತಿರುವುದರ ಬುಡದಲ್ಲಿ ಸತ್ಯವಿದ್ದೇ ತೀರಬೇಕೆಂದು ಹಲವರು ವಾದಿಸುವರು. ಈ ವಾದವನ್ನು ಜಡವಸ್ತುಗಳ ನಡತೆಯೊಡನೆ ಇಟ್ಟು ನೋಡೋಣ.

ನಮ್ಮ ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ಜಾತ್ರೆಗಳಲ್ಲಿ ತೇರೆಳೆಯುವುದನ್ನು ಕಾಣದವರಿಲ್ಲ. ವರ್ಷವೆಲ್ಲ ನಿಂತ ತೇರಿಗೆ ಮೊದಲ ಗೇಣೇ ಕಷ್ಟ. ಹಗ್ಗಕ್ಕೆ ನೂರು ಕೈ ಸಾಲದೆ ಗಾಲಿಯ ಹಿಂದೆ ಸನ್ನೆ ಕೊಡಬೇಕಾಗುವುದು. ಉರುಳತೊಡಗಿದ ಮೇಲೆ ಅದೇ ತೇರು ಸಲೀಸಾಗಿ ಸಾಗುವುದು. ಗಾಲಿ ನೆಲದಲ್ಲಿ ಹೂತಿರುವುದು ಇದಕ್ಕೆ ಒಂದು ಕಾರಣ; ಗಾಲಿಗೂ ಅಚ್ಚಿಗೂ ನಡುವಣ ಸ್ಥಿತ ಘರ್ಷಣೆ ಮತ್ತೊಂದು. ಈ ಘರ್ಷಣೆಯು ನಿಂತಷ್ಟೂ ಬಲಿಯುವುದೆಂದು ಫ್ರಾನ್ಸಿನ ಕೂಲಂಬನು ಮರದ ತುಂಡುಗಳಿಂದ ಪ್ರಯೋಗಿಸಿ, 1785ರಲ್ಲಿ ಅಚ್ಚಾದ ಪ್ರಬಂಧದಲ್ಲಿ ತೋರಿಸಿದನು.

ನುಣುಪೆಂದು ತೋರುವ ಮೈಯಲ್ಲಿಯೂ ಕಣ್ಣಿಗೆ ಕಾಣದ ಉಬ್ಬುತಗ್ಗುಗಳುಂಟು. ಎರಡು ಮೈಗಳು ಕೆಲವೇ ಉಬ್ಬುಗಳ ತುದಿಯಲ್ಲಿ ಪರಸ್ಪರ ಮುಟ್ಟುತ್ತವೆ. ಭಾರದಡಿಯಲ್ಲಿ ಆ ತುದಿಗಳು ಮೆಲ್ಲನೆ ಚಪ್ಪಟೆಯಾಗಿ ಅಂಟು ಹೆಚ್ಚುತ್ತದೆ. ಏರಿಕೆಯ ಕ್ರಮವೂ ವಿಚಿತ್ರವಾದುದು: ಒಂದು ಸೆಕೆಂಡಿನಿಂದ ಹತ್ತಕ್ಕೆ ಎಷ್ಟು ಹೆಚ್ಚುವುದೋ, ಹತ್ತರಿಂದ ನೂರಕ್ಕೂ ನೂರರಿಂದ ಸಾವಿರಕ್ಕೂ ಸುಮಾರು ಅಷ್ಟೇ. ಬಂಡೆಗಳಲ್ಲಿ ಇದನ್ನು ಅಮೆರಿಕದ ಡೀಟರಿಕ್ ಎಂಬ ವಿಜ್ಞಾನಿಯು 1972ರಲ್ಲಿ ತೋರಿಸಿಕೊಟ್ಟನು.

ಹಾಗಾದರೆ ಆ ಬಿಗಿಯಲ್ಲಿರುವುದು ಭಾರ ಮತ್ತು ಕಾಲ, ನ್ಯಾಯವಲ್ಲ. ಮನುಷ್ಯನ ಮನಸ್ಸು ಮರದ ತುಂಡಲ್ಲ, ನಿಜ. ಹೋಲಿಕೆಯು ಪ್ರಮಾಣವೂ ಅಲ್ಲ. ಒಳ್ಳೆಯ ಅಭ್ಯಾಸವೂ ಕಾಲದಿಂದಲೇ ಬಲಿಯುವುದು. ಆದುದರಿಂದ ಹಳಮೆಯು ಗುಣಕ್ಕೂ ಸಾಕ್ಷಿಯಲ್ಲ, ದೋಷಕ್ಕೂ ಸಾಕ್ಷಿಯಲ್ಲ. ವಿವೇಕವೇ ತೀರ್ಪು ಹೇಳಬೇಕು.

ಅಸ್ಪೃಶ್ಯತೆಯನ್ನೇ ನೋಡಿರಿ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅದನ್ನು ರದ್ದುಗೊಳಿಸಿತು. ಆದರೂ ಅದರ ನೆರಳು ಎಷ್ಟೋ ಊಟದ ಪಂಕ್ತಿಗಳಲ್ಲಿ ಇನ್ನೂ ಉಳಿದಿದೆ. ಶತಮಾನಗಳ ರೂಢಿ ಎಂದು ಎದೆಗೆಡಬೇಕಾಗಿಲ್ಲ; ನೂರು ಪಟ್ಟು ಹಳೆಯದಾದುದು ನೂರು ಪಟ್ಟು ಬಿಗಿಯಾಗಿರುವುದಿಲ್ಲ. ಆದರೆ ಎಚ್ಚರಿಕೆಯೊಂದುಂಟು: ಜರುಗಿದ ವಸ್ತು ಮತ್ತೆ ನಿಂತರೆ ಅಂಟು ಮತ್ತೆ ಬಲಿಯತೊಡಗುವುದು. ಹಬ್ಬದ ದಿನ ಒಮ್ಮೆ ಮಾಡಿದ ಸಹಭೋಜನವು ಸಾಲದು. ದಿನದಿನವೂ ಜೊತೆಗೆ ಉಣ್ಣಬೇಕು.

ಅಂಟು ಅತಿ ವೇಗವಾಗಿ ಬೆಳೆಯುವುದು ಮೊದಲ ಕ್ಷಣಗಳಲ್ಲಿಯೇ. ಶಾಲೆ ತೆರೆದ ಮೊದಲ ದಿನ ಯಾರ ಪಕ್ಕದಲ್ಲಿ ಯಾರು ಕುಳಿತರೆಂಬುದು ಸಣ್ಣ ಸಂಗತಿಯಲ್ಲ. ಅಧ್ಯಾಪಕರು ಅಂದೇ ಅದನ್ನು ಗಮನಿಸಲಿ. ಮಕ್ಕಳು ಮರುದಿನ ತಾವಾಗಿಯೇ ಜಾಗ ಬದಲಿಸಿ ಕುಳಿತುಕೊಳ್ಳಲಿ.