ರೀಡು ಬದಲಾದ ಪೇಟಿ

ಹಳೆಯ, ಅಗ್ಗದ ಪೇಟಿಯ (ಹಾರ್ಮೋನಿಯಂ) ಗುರುತು ಹಿಡಿಯುವುದು ಕಷ್ಟ. ತಯಾರಕರ ಹೆಸರಿನ ಪಟ್ಟಿ ಕಿತ್ತುಹೋಗಿರುತ್ತದೆ, ತಿದಿ ಹೊಸದಿರುತ್ತದೆ. ಮುಚ್ಚಳ ತೆಗೆದರೆ ಮಾಸಿದ ಹಿತ್ತಾಳೆ ರೀಡುಗಳ ನಡುವೆ ಒಂದೆರಡು ಫಳಫಳ ಹೊಳೆಯುತ್ತವೆ, ಪಕ್ಕದಲ್ಲೇ ಹಳೆಯ ತಿರುಪಿನ ತೂತು. ಕುಲಗೋಡು ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಆಟಕ್ಕೂ ಭಜನೆಗೂ ಪೇಟಿ ನುಡಿಸುವ ಉತ್ತರ ಕರ್ನಾಟಕದ ಮಮದಾಪುರದ ಸೀಮೆಯಲ್ಲಿ ಇಂಥದ್ದನ್ನು ಯಾರೂ ಹೊಸ ಪೇಟಿ ಎನ್ನರು.

ವೈಶೇಷಿಕ ದರ್ಶನದವರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅವಯವಿ, ಅಂದರೆ ಇಡಿಯಾದ ವಸ್ತು, ತನ್ನ ಅವಯವಗಳಿಗಿಂತ, ಅಂದರೆ ಭಾಗಗಳಿಗಿಂತ, ಬೇರೆ. ಒಂದು ಅವಯವ ಹೋದರೂ ಹಳೆಯದು ನಾಶ, ಉಳಿದದ್ದು ಹೊಸತು. ‘ಅದೇ ಇದು’ ಎನಿಸುವುದು ಹೋಲಿಕೆಯಿಂದ. ಬೌದ್ಧರು ಇನ್ನೂ ಮುಂದೆ ಹೋಗುತ್ತಾರೆ: ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ರಥದ ನೆಪದಲ್ಲಿ ತಿಳಿಸಿದಂತೆ, ಭಾಗಗಳ ಕೂಟಕ್ಕಿಟ್ಟ ಹೆಸರಷ್ಟೇ ಉಂಟು. ವೈಶೇಷಿಕರ ಲೆಕ್ಕ ಕಟ್ಟುನಿಟ್ಟು, ಆದರೆ ರಿಪೇರಿಗೊಂದು ಹೊಸ ಪೇಟಿ ಹುಟ್ಟಿಸುವುದು ಅತಿಯಾಯಿತು. ಇಲ್ಲಿ ನಾಗಸೇನನ ವಾದವೇ ಸಲೀಸು.