ಅತಿಥಿಯ ಕಣ್ಣು

ಪರಸ್ಥಳಕ್ಕೆ ಹೋಗಿಬಂದವನು ತಾನುಂಡ ಅನ್ನದ ರುಚಿಯನ್ನು ಮರೆಯದೆ ವರ್ಣಿಸುತ್ತಾನೆ. ಆ ಅನ್ನವನ್ನು ಬೇಯಿಸಿದವರ ಮಾತನ್ನು ಎತ್ತುವುದು ಅಪೂರ್ವ. ಇದು ಬರಿಯ ಮರೆವೋ, ಅಥವಾ ಒಂದು ಬಗೆಯ ಅನ್ಯಾಯವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊರೊಕ್ಕೋ ದೇಶದ ಇಬ್ನ್ ಬತೂತನು 1331ರ ಸುಮಾರಿಗೆ ಆಫ್ರಿಕದ ಮೂಡಣ ಕರಾವಳಿಯಲ್ಲಿ ಸಂಚರಿಸಿದನು. ಆತನ ವೃತ್ತಾಂತವನ್ನು ಓದುವ ಕನ್ನಡಿಗನಿಗೆ ಆ ದೂರದ ಪಟ್ಟಣಗಳು ನೆರೆಯೂರುಗಳಂತೆ ತೋರುವವು. ಮೊಗದಿಶುವಿನಲ್ಲಿ ಅತಿಥಿಗೆ ವೀಳ್ಯದೆಲೆ-ಅಡಿಕೆಗಳನ್ನು ಕೊಟ್ಟು ಬರಮಾಡಿಕೊಂಡರು. ತರುವಾಯ ತುಪ್ಪದಲ್ಲಿ ಬೇಯಿಸಿದ ಅನ್ನ, ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ, ನಿಂಬೆಯ ಉಪ್ಪಿನಕಾಯಿ ಬಂದವು. ಮೊಂಬಾಸದಲ್ಲಿ ಧಾನ್ಯ ಬೆಳೆಯುತ್ತಿರಲಿಲ್ಲ. ಬಾಳೆಹಣ್ಣು ಮತ್ತು ಮೀನುಗಳೇ ಜನರ ಮುಖ್ಯ ಆಹಾರ. ಅಲ್ಲಿಯವರು ಮಸೀದಿಯ ಬಾಗಿಲಲ್ಲಿದ್ದ ಬಾವಿಯಿಂದ ನೀರು ಮೊಗೆದು, ಕಾಲು ತೊಳೆದು, ಚಾಪೆಗೆ ಒರಸಿಕೊಂಡು ಒಳಹೊಗುತ್ತಿದ್ದರು. ನೀರು ಮೊಗೆಯುವ ಪಾತ್ರೆಯ ಹಿಡಿಕೆ ಒಂದು ಮೊಳದುದ್ದವೆಂಬುದನ್ನು ಕೂಡ ಆತನು ಮರೆತಿಲ್ಲ.

ಮುಂದೆ ಇಂದಿನ ಟಾಂಜಾನಿಯಕ್ಕೆ ಸೇರಿದ ಕಿಲ್ವ ಪಟ್ಟಣ. ಅಲ್ಲಿಯ ಸುಲ್ತಾನನಿಗೆ ದಾನಶೀಲನೆಂದು ಹೆಸರು. ಒಬ್ಬ ಫಕೀರನು ಬೇಡಲು ಆತನು ಉಟ್ಟ ಬಟ್ಟೆಯನ್ನೇ ಕಳಚಿ ಕೊಟ್ಟನು. ರಾಜಪುತ್ರನು ಆ ಬಟ್ಟೆಯನ್ನು ಮರಳಿ ಪಡೆದು, ಬದಲಾಗಿ ಹತ್ತು ಜನ ಗುಲಾಮರನ್ನು ಕೊಟ್ಟನು. ಜನರ ಹೊಗಳಿಕೆಯನ್ನು ಕೇಳಿ ಸುಲ್ತಾನನು ಮತ್ತೆ ಹತ್ತು ಜನರನ್ನೂ ಎರಡು ಹೊರೆ ಆನೆಯ ದಂತವನ್ನೂ ಕೊಡಿಸಿದನು. ಪ್ರವಾಸಿಯು ಕೊಟ್ಟವನನ್ನು ಕೊಂಡಾಡಿದನು, ಕೊಂಡವನನ್ನು ನೆನೆದನು. ದಂತದೊಡನೆ ಎಣಿಸಲ್ಪಟ್ಟ ಆ ಇಪ್ಪತ್ತು ಜೀವಗಳ ವಿಷಯದಲ್ಲಿ ಒಂದು ಮಾತಿಲ್ಲ. ಹಿಡಿಕೆಯ ಉದ್ದವನ್ನು ಕಂಡ ಕಣ್ಣಿಗೆ ಇಪ್ಪತ್ತು ಮುಖಗಳು ಕಾಣಲಿಲ್ಲ!

1340ರ ದಶಕದಲ್ಲಿ ಈತನೇ ಕನ್ನಡ ಕರಾವಳಿಯ ಹೊನ್ನಾವರಕ್ಕೂ ಬಂದನು. ಅಲ್ಲಿ ಹೆಣ್ಣುಮಕ್ಕಳ ಶಾಲೆಗಳು 13, ಗಂಡುಮಕ್ಕಳವು 23 ಎಂದು ಲೆಕ್ಕವಿಟ್ಟನು. ರೇಷ್ಮೆಯುಟ್ಟ ತೊತ್ತೊಬ್ಬಳು ತಾಮ್ರದ ಸವಟಿನಿಂದ ಅನ್ನ ಬಡಿಸಿ ತುಪ್ಪ ಹಾಕಿದ್ದನ್ನು ಬಣ್ಣಿಸಿದನು. ಆಕೆಯ ಹೆಸರು ಮಾತ್ರ ಆ ಗ್ರಂಥದಲ್ಲಿ ಇಲ್ಲ.

ಕಾಲಧರ್ಮವೇ ಹಾಗಿತ್ತೆಂದು ಕೆಲವರು ಸಮಾಧಾನ ಹೇಳಬಹುದು. ಉಂಡ ಮನೆಯ ಹುಳುಕನ್ನು ಹುಡುಕುವುದು ಸಭ್ಯತೆಯೇ ಎಂದೂ ಕೇಳಬಹುದು. ಎರಡೂ ತಕ್ಕ ಮಾತುಗಳೇ. ಆದರೆ ಹುಳುಕು ಹುಡುಕುವುದು ಬೇರೆ, ಎದುರಿಗಿರುವ ಮನುಷ್ಯನನ್ನು ಮನುಷ್ಯನೆಂದು ಕಾಣುವುದು ಬೇರೆ. ಅತಿಥಿಯು ಯಜಮಾನನಿಗೆ ಕೃತಜ್ಞನಾಗಿರಬೇಕೆಂಬುದು ದಿಟ. ಆ ಕೃತಜ್ಞತೆಯು ಯಜಮಾನನಲ್ಲಿಯೇ ನಿಂತುಹೋದರೆ ಅದು ಉಪಚಾರವಾದೀತೇ ಹೊರತು ಧರ್ಮವಾಗದು. ಇಬ್ನ್ ಬತೂತನಿಗೆ ಆತನ ಕಾಲವು ನೆವವಾಗಬಹುದು. ಆತನನ್ನು ಈಗ ಓದುವವರಿಗೆ ಆ ನೆವವಿಲ್ಲ.

ಇದಕ್ಕಾಗಿ ಕಡಲನ್ನು ದಾಟಬೇಕಾದುದೂ ಇಲ್ಲ. ಗಜೇಂದ್ರಗಡದ ಸೀಮೆಯ ಲಕ್ಕಲಕಟ್ಟಿಗೆ ನೆಂಟನೊಬ್ಬನು ಬಂದನೆನ್ನಿ. ಪಡಸಾಲೆಯಲ್ಲಿ ಕುಳಿತು ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾದ ಚಟ್ನಿಗಳನ್ನುಂಡು, ಮನೆಯ ಹಿರಿಯನ ಔದಾರ್ಯವನ್ನು ಊರೂರಿಗೆ ಹೊಗಳುತ್ತಾನೆ. ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳವು ಆತನ ಕಿವಿಗೆ ಬಿದ್ದೇ ಇರುತ್ತದೆ. ಆ ಜೋಳದ ಹೊಲದಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಕಳೆ ತೆಗೆದ ಕೂಲಿಯ ಹೆಂಗಸರು ಆತನು ಬಂದ ದಾರಿಯಲ್ಲಿಯೇ ಎದುರಾಗಿದ್ದಿರಬಹುದು. ಅವರ ಯೋಗಕ್ಷೇಮವನ್ನು ಒಂದು ಮಾತಿನಲ್ಲಿ ವಿಚಾರಿಸಿದರೆ ಹೊತ್ತೇನೂ ಹೋಗದು. ಹೊರಡುವ ಮುನ್ನ ಅಡಿಗೆಯ ಮನೆಯ ಹೊಸ್ತಿಲವರೆಗೆ ಹೋಗಿ, "ಊಟ ಬಹಳ ಚಲೋ ಆಗಿತ್ತವ್ವಾ" ಎಂದು ಹೇಳಿ ಬಂದವನೇ ನಿಜವಾಗಿ ಆ ಊರನ್ನು ಕಂಡು ಬಂದವನು.