ನೋವಿಗೆ ಪ್ರೂಫ್ ಎಲ್ಲಿಂದ ತರೋದು?

ಆಫೀಸಿನ ಎಸಿ ಜಗಳ ನೋಡದವರು ಯಾರೂ ಇರಲಿಕ್ಕಿಲ್ಲ. ಗೋಡೆ ಮೇಲೆ 24 ಅಂತ ತೋರಿಸ್ತಿರತ್ತೆ. ಒಬ್ಬರು ಶಾಲು ಹೊದ್ದು ಕೂತಿರ್ತಾರೆ, ಪಕ್ಕದವರು ನೋಟ್‌ಬುಕ್ಕಿನಲ್ಲಿ ಗಾಳಿ ಬೀಸಿಕೊಳ್ತಿರ್ತಾರೆ. ಆಗ ಯಾರಾದರೊಬ್ಬರು ಪಂಚಾಯ್ತಿ ತೀರ್ಮಾನದ ಧಾಟಿಯಲ್ಲಿ ಹೇಳ್ತಾರೆ: "24 ಇದೆ ಕಣ್ರೀ, ಚಳಿ ಹೇಗಾಗತ್ತೆ?" ಯಂತ್ರ ಹೇಳಿದ್ದು ನಿಜ, ಮೈ ಹೇಳಿದ್ದು ಬರೀ ಅಭಿಪ್ರಾಯ ಅನ್ನೋ ನಂಬಿಕೆ ಆ ಮಾತಲ್ಲಿದೆ. ಎಸಿ ವಿಷಯದಲ್ಲಿ ಇದರಿಂದ ಅಂಥಾ ನಷ್ಟವೇನಿಲ್ಲ. ಆದರೆ ಇದೇ ನಂಬಿಕೆಯನ್ನ ನೋವಿನ ವಿಷಯಕ್ಕೂ ತಂದಾಗ ಅನ್ಯಾಯ ಶುರುವಾಗತ್ತೆ.

ಮೊದಲು ಮೈ ಹೇಗೆ ಕೆಲಸ ಮಾಡತ್ತೆ ನೋಡೋಣ. ಒಂದು ಕೈಯನ್ನ ಬಿಸಿನೀರಲ್ಲಿ, ಇನ್ನೊಂದನ್ನ ತಣ್ಣೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿ. ಅದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬಿಸಿ ಅನ್ನಿಸತ್ತೆ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದಲ್ಲೇ ಇದರ ಬಗ್ಗೆ ಬರೆದಿದ್ದ. ಎರಡು ಕೈಯಲ್ಲಿ ಯಾವುದೂ ಸುಳ್ಳು ಹೇಳ್ತಿಲ್ಲ. ನೀರು ಎಷ್ಟು ಡಿಗ್ರಿ ಇದೆ ಅಂತ ಅಳೆಯೋದು ಚರ್ಮದ ಕೆಲಸವೇ ಅಲ್ಲ. ನನಗೆ ಏನಾಗ್ತಿದೆ, ನಾನೀಗ ಕೈ ತೆಗೀಬೇಕಾ ಅಂತ ಹೇಳೋದು ಅದರ ಕೆಲಸ.

ಅಮೆರಿಕದ ಡೇವಿಡ್ ಜೂಲಿಯಸ್ 1997ರಲ್ಲಿ ಇದನ್ನ ಅಣುಮಟ್ಟದಲ್ಲೇ ತೋರಿಸಿದರು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನರದ ತುದಿಯಲ್ಲಿರೋ ಒಂದು ಪ್ರೋಟೀನಿನ ಬಾಗಿಲನ್ನ ತೆರೆಯತ್ತೆ. ಅದರ ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೂ ಇದೇ ಬಾಗಿಲು ತೆರೆಯತ್ತೆ. ಅದಕ್ಕೇ ಖಾರ ತಿಂದಾಗ ಬಾಯಿ "ಉರಿ" ಅನ್ನೋದು. ಪುದೀನಾದ ಮೆಂಥಾಲ್ ಮತ್ತು ತಂಪು ಎರಡಕ್ಕೂ ತೆರೆಯೋ ಬೇರೊಂದು ಬಾಗಿಲನ್ನ 2002ರಲ್ಲಿ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆ ಬೇರೆಯಾಗಿ ಕಂಡುಹಿಡಿದರು. 2021ರ ವೈದ್ಯಕೀಯ ನೊಬೆಲ್ ಇವರಿಬ್ಬರಿಗೆ ಸಿಕ್ಕಿತು. ಚಟ್ನಿ ತಿಂದವನ ಬಾಯಿಗೆ ಥರ್ಮಾಮೀಟರ್ ಇಟ್ಟು "ನಿನ್ನ ಬಾಯಿ ಸುಟ್ಟಿಲ್ಲ, ಉರಿ ಸುಳ್ಳು" ಅಂದರೆ ಹೇಗೆ? ಸುಟ್ಟಿಲ್ಲ ಅನ್ನೋದು ನಿಜ. ಉರಿಯೂ ನಿಜ.

ಇದೇ ಬಾಗಿಲು ಹಕ್ಕಿಗಳಲ್ಲೂ ಇದೆ, ಆದರೆ ಅವುಗಳದ್ದು ಕ್ಯಾಪ್ಸೈಸಿನ್‌ಗೆ ತೆರೆಯಲ್ಲ. ಗಿಳಿ ಹಸಿಮೆಣಸಿನಕಾಯಿ ಆರಾಮಾಗಿ ತಿನ್ನೋದು ಅದಕ್ಕೆ ತಾಳ್ಮೆ ಜಾಸ್ತಿ ಅಂತಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನಾವು ಇದನ್ನ ಮರೀತೀವಿ. ಸದ್ದಿಲ್ಲದೆ ಇರೋರು ಗಟ್ಟಿಗರು, ನೋವು ಅಂದವರು ನಾಜೂಕು ಅಂತ ಗೆರೆ ಎಳೆದುಬಿಡ್ತೀವಿ.

ನೋವೇ ಇಲ್ಲದ ಜೀವನ ಹೇಗಿರತ್ತೆ ಅನ್ನೋದಕ್ಕೂ ಉತ್ತರ ಇದೆ. ಉತ್ತರ ಪಾಕಿಸ್ತಾನದಲ್ಲಿ ಒಬ್ಬ ಹುಡುಗ ಬೀದಿಯಲ್ಲಿ ಕೆಂಡದ ಮೇಲೆ ನಡೆದು, ತೋಳಿಗೆ ಚಾಕು ಚುಚ್ಚಿಕೊಂಡು ಜನರಿಗೆ ತೋರಿಸ್ತಿದ್ದ. 14 ತುಂಬೋ ಮುಂಚೆಯೇ ಮನೆ ಛಾವಣಿಯಿಂದ ಹಾರಿ ತೀರಿಕೊಂಡ. ಅವನ ಬಂಧುಗಳಲ್ಲಿ ಇದೇ ಸ್ಥಿತಿ ಇದ್ದವರನ್ನ ಪರೀಕ್ಷಿಸಿದ ವಿಜ್ಞಾನಿಗಳು, ಎಸ್‌ಸಿಎನ್9ಎ ಅನ್ನೋ ಒಂದೇ ಜೀನ್ ಕೆಟ್ಟಿರೋದನ್ನ 2006ರಲ್ಲಿ ಪ್ರಕಟಿಸಿದರು. ಅವರಿಗೆ ಸ್ಪರ್ಶ ಗೊತ್ತಾಗ್ತಿತ್ತು, ಬಿಸಿ ತಣ್ಣಗೆ ಗೊತ್ತಾಗ್ತಿತ್ತು, ನೋವು ಮಾತ್ರ ಇರಲಿಲ್ಲ. ನೋವು ದೌರ್ಬಲ್ಯ ಆಗಿದ್ದಿದ್ರೆ ಆ ಹುಡುಗ ಎಲ್ಲರಿಗಿಂತ ಬಲಶಾಲಿ ಆಗಬೇಕಿತ್ತು.

ಹಾಗಾದ್ರೆ ಇನ್ನೊಬ್ಬರ ನೋವನ್ನ ಹೇಗೆ ತಿಳಿಯೋದು? ಅವರು ಹೇಳಬೇಕು, ನಾವು ನಂಬಬೇಕು. ನಂಬದೇ ಹೋದರೆ ಏನಾಗತ್ತೆ ಅನ್ನೋದಕ್ಕೆ ವೈದ್ಯಕೀಯದಲ್ಲೇ ಒಂದು ಕಹಿ ಅಧ್ಯಾಯ ಇದೆ. ಹಸುಗೂಸುಗಳಿಗೆ ನೋವು ಅಷ್ಟಾಗಿ ತಿಳಿಯಲ್ಲ ಅನ್ನೋ ನಂಬಿಕೆಯಿಂದ 1980ರ ದಶಕದವರೆಗೂ ಎಷ್ಟೋ ಕಡೆ ಅವಕ್ಕೆ ಅತಿ ಕಡಿಮೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡ್ತಿದ್ದರು. ಕನ್ವಲ್‌ಜೀತ್ ಆನಂದ್ ಅನ್ನೋ ಭಾರತೀಯ ಮೂಲದ ವೈದ್ಯರು 1987ರಲ್ಲಿ, ಸರಿಯಾದ ನೋವುನಿವಾರಕ ಕೊಟ್ಟ ಅವಧಿಪೂರ್ವ ಶಿಶುಗಳಲ್ಲಿ ಒತ್ತಡದ ಹಾರ್ಮೋನುಗಳೂ ತೊಡಕುಗಳೂ ಕಡಿಮೆ ಅಂತ ತೋರಿಸಿಕೊಟ್ಟರು. ಅಲ್ಲೀವರೆಗೆ ಮಕ್ಕಳು ಅಳ್ತಾನೇ ಇದ್ದವು. ಆ ಅಳು ಪ್ರೂಫ್ ಅಂತ ಲೆಕ್ಕಕ್ಕೆ ಬಂದಿರಲಿಲ್ಲ ಅಷ್ಟೆ.

ಈಗ ನಮ್ಮ ಆಫೀಸಿಗೆ ಬರೋಣ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಕ್ಯಾಂಟೀನಲ್ಲಿ ಎರಡು ಮಾತು ಕೇಳಿಬಂತು. ಒಂದು, "ನಿಜವಾಗಲೂ ನೋವಿದೆ ಅಂತ ಹೇಗೆ ಗೊತ್ತಾಗತ್ತೆ?" ಇನ್ನೊಂದು, "ನಮ್ಮ ಅಮ್ಮಂದಿರು ಯಾವತ್ತು ರಜೆ ಕೇಳಿದ್ರು?"

ಎರಡನೇದಕ್ಕೆ ಹಳ್ಳಿಯಲ್ಲಿ ಬೆಳೆದವನಾಗಿ ಉತ್ತರ ಕೊಡ್ತೀನಿ. ನಾಟಿ ಕಾಲದಲ್ಲಿ ಕೆಸರುಗದ್ದೆಯಲ್ಲಿ ದಿನವಿಡೀ ಬಗ್ಗಿ ನಿಂತ ಹೆಂಗಸರು ರಜೆ ಕೇಳಲಿಲ್ಲ, ನಿಜ. ಕೇಳಿದರೆ ಆ ದಿನದ ಕೂಲಿ ಹೋಗ್ತಿತ್ತು. ಸ್ವಂತ ಗದ್ದೆಯಾದ್ರೆ ಕೇಳೋದಕ್ಕೆ ಯಾರೂ ಇರಲಿಲ್ಲ. ಅವರು ಬಾಯಿ ಬಿಡಲಿಲ್ಲ ಅನ್ನೋದು ನೋವಿರಲಿಲ್ಲ ಅನ್ನೋದಕ್ಕೆ ಸಾಕ್ಷಿ ಆಗಲ್ಲ. ಅವರ ಮೌನವನ್ನ ಅವರ ಹೆಣ್ಣುಮಕ್ಕಳ ವಿರುದ್ಧ ಬಳಸೋದು ಎರಡು ತಲೆಮಾರಿಗೆ ಒಟ್ಟಿಗೆ ಮಾಡೋ ಅವಮಾನ.

ಮೊದಲನೇ ಪ್ರಶ್ನೆ ಕಷ್ಟದ್ದು. ಕೆಲವರು ಸುಳ್ಳು ಹೇಳಬಹುದು. ನಮ್ಮ ಕೆಲಸದಲ್ಲಿ ಯಾವುದೇ ಅಲರ್ಟ್ ಇಡೋವಾಗ ಎರಡು ಥರದ ತಪ್ಪನ್ನ ತೂಗ್ತೀವಿ: ಏನೂ ಆಗದೇ ಇದ್ದಾಗ ಬಡಿದುಕೊಳ್ಳೋದು, ಬೆಂಕಿ ಬಿದ್ದಾಗ ಸುಮ್ಮನಿರೋದು. ಸುಳ್ಳನ್ನ ನಂಬಿದರೆ ಕಂಪನಿಗೆ ಒಂದು ದಿನದ ಸಂಬಳ ಹೋಗತ್ತೆ. ನಿಜವನ್ನ ನಂಬದಿದ್ದರೆ ಒಂದು ಜೀವ ಹೊಟ್ಟೆ ಹಿಡ್ಕೊಂಡು ಮೀಟಿಂಗಲ್ಲಿ ಕೂರತ್ತೆ, ಮುಂದಿನ ಸಲ ಹೇಳೋದನ್ನೇ ಬಿಡತ್ತೆ. ಎರಡೂ ಒಂದೇ ತೂಕ ಅಂತ ನನಗೆ ಅನ್ನಿಸಲ್ಲ. "ಹಾಗಾದ್ರೆ ಹೆಣ್ಣುಮಕ್ಕಳನ್ನ ಕೆಲಸಕ್ಕೆ ತಗೊಳ್ಳೋದೇ ಕಡಿಮೆ ಆಗತ್ತೆ" ಅಂತಾರೆ. ಆ ಭಯ ಸುಳ್ಳಲ್ಲ. ಆದರೆ ಅಲ್ಲಿ ತಿದ್ದಬೇಕಾದ್ದು ಕೆಲಸ ಕೊಡೋರ ಬುದ್ಧಿ. ನೋವಿರೋರು ಅದಕ್ಕಾಗಿ ನೋವನ್ನ ಮುಚ್ಚಿಡಬೇಕಾಗಿಲ್ಲ.

ನಂಬೋದು ಅಂದ್ರೆ ವಿಚಾರ ಮಾಡದೇ ಇರೋದು ಅಂತಲ್ಲ. ಹೃದಯದ ತೊಂದರೆ ಎಡತೋಳಲ್ಲಿ ನೋವಾಗಿ ಕಾಣಿಸಬಹುದು. "ನೋವಿದೆ" ಅನ್ನೋದರಲ್ಲಿ ರೋಗಿಯ ಮಾತೇ ಕೊನೆ, "ಇದರಿಂದಲೇ ನೋವಿದೆ" ಅನ್ನೋದನ್ನ ಡಾಕ್ಟರ್ ಹುಡುಕಬೇಕು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ಪರಿಷ್ಕರಿಸಿದಾಗ, ವ್ಯಕ್ತಿ ನೋವಿದೆ ಅಂದರೆ ಅದನ್ನ ಗೌರವಿಸಬೇಕು ಅಂತಲೂ, ಹೇಳೋಕೆ ಆಗದವರಿಗೂ ನೋವಿರಬಹುದು ಅಂತಲೂ ಸೇರಿಸಿತು.

ಈ ಎರಡನೇ ಮಾತು ನಮ್ಮಂಥವರಿಗೆ ಹತ್ತಿರದ್ದು. ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮ "ಏನಿಲ್ಲ, ಸ್ವಲ್ಪ ಸೊಂಟ ಹಿಡ್ಕೊಂಡಿದೆ ಅಷ್ಟೆ" ಅಂತಾರೆ. "ಸ್ಕ್ಯಾನಿಂಗ್ ನಾರ್ಮಲ್ ಬಂದಿದೆಯಲ್ಲಮ್ಮ" ಅಂತ ನಾವು ಮಾತು ಮುಗಿಸ್ತೀವಿ. ಸ್ಕ್ಯಾನಿಂಗ್ ಮೂಳೆಯನ್ನ ನೋಡಿದೆ, ನೋವನ್ನ ನೋಡಿಲ್ಲ. ಮುಂದಿನ ಸಲ ಎಲ್ಲಿ ನೋಯತ್ತೆ, ಯಾವಾಗ ಜಾಸ್ತಿ, ರಾತ್ರಿ ನಿದ್ದೆ ಬರತ್ತಾ ಅಂತ ಕೇಳಿ, ಅವರು ಹೇಳಿ ಮುಗಿಸೋವರೆಗೂ ಸುಮ್ಮನಿರಿ.